ಕಾರಿನ ಹೊಟ್ಟೆಯಲ್ಲಿದ್ದದ್ದು

ಅರಗಿಗೆ ತನ್ನದೇ ಒಂದು ವಾಸನೆ ಇದೆ. ಗಿರ್ರನೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಕಾವಿಗೆ ಕರಗಿ ಅದು ಮರಕ್ಕೆ ಮೆತ್ತಿಕೊಳ್ಳುತ್ತದೆ. ಆಗ ಏಳುವ ವಾಸನೆ ಸೀದ ಬೆಲ್ಲಕ್ಕೂ ಹೊಸ ಚಪ್ಪಲಿಗೂ ನಡುವಿನದು. ಮೊನ್ನೆ ಗೆಳತಿಯ ಮಗುವಿಗೊಂದು ಗಿಲಕಿ ತರೋಣವೆಂದು ಚನ್ನಪಟ್ಟಣದ ಸೋದರಮಾವನ ಶೆಡ್ಡಿಗೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ.

“ಬಾ ಲಾಯರಮ್ಮ, ಯಾಕಂಗೆ ನಿಂತ್ಬುಟ್ಟೆ? ಇನ್ನೂ ಸಿಟ್ಟು ಇಳ್ದಿಲ್ವಾ?” ಎಂದ ಮಾವ, ಮರ ಕಡೆಯುವ ಲೇತಿನ ಮೇಲಿನ ಕೈ ನಿಲ್ಲಿಸದೆ.

ಸಿಟ್ಟಲ್ಲ. ಸಿಟ್ಟು ಯಾವತ್ತೋ ಇಳಿದಿದೆ. ಇಳಿಯದೆ ಉಳಿದಿರುವುದು ಗಾಬರಿ.

ನಾನೀಗ ಕಾನೂನು ಓದುತ್ತಿದ್ದೇನೆ. ಏಳನೇ ತರಗತಿಯಿಂದ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು. ಯಾವ ವಿಷಯ ಕೊಟ್ಟರೂ ಪರವಾಗಿಯೂ ಮಾತಾಡುತ್ತೇನೆ, ವಿರೋಧವಾಗಿಯೂ ಮಾತಾಡುತ್ತೇನೆ. ಎದುರಿನವರು ವಾಕ್ಯ ಮುಗಿಸುವ ಮೊದಲೇ ಅವರ ವಾದದಲ್ಲಿ ತೂತು ಎಲ್ಲಿದೆಯೆಂದು ಹುಡುಕುವುದು ನನಗೆ ಅಭ್ಯಾಸವಾಗಿಹೋಗಿದೆ. ಇಂಥ ನನ್ನನ್ನು, ನಾನು ಒಂಬತ್ತನೇ ತರಗತಿಯಲ್ಲಿದ್ದ ವರ್ಷ, ಹೆತ್ತ ಅಪ್ಪ ಅವ್ವ ಸೇರಿಕೊಂಡು ಏಮಾರಿಸಿದರು. ಅದೂ ನನ್ನ ಕೈಯಿಂದಲೇ. ಒಂದು ಆಟದ ಕಾರಿನ ನೆಪದಲ್ಲಿ.

ಆಗ ನಾವು ರಾಮನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಪುಟ್ಟಸ್ವಾಮಿಗೆ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. ಶಿಫ್ಟಿಗೆ ತಕ್ಕ ಹಾಗೆ ಕಂಪನಿ ಬಸ್ಸು ಬಂದು ಕರೆದೊಯ್ಯುತ್ತಿತ್ತು. ಅವನ ಊರು ಮಾಗಡಿ ತಾಲ್ಲೂಕಿನಲ್ಲಿ, ತಿಪ್ಪಸಂದ್ರದಿಂದ ಒಳಗೆ. ಅಲ್ಲಿ ಕುರಿಮಂದೆ ಇತ್ತು, ಒಂದಿಷ್ಟು ರಾಗಿ ಹೊಲ ಇತ್ತು. ಎಲ್ಲವನ್ನೂ ದೊಡ್ಡಪ್ಪನಿಗೆ ಬಿಟ್ಟು ಅಪ್ಪ ಪೇಟೆ ಸೇರಿದಾಗ ನನಗಿನ್ನೂ ನಾಲ್ಕು ತುಂಬಿರಲಿಲ್ಲವಂತೆ. ಯಾಕೆ ಬಿಟ್ಟೆ ಎಂದು ಕೇಳಿದರೆ, “ಕುರಿ ವಾಸನೆ ಸಾಕಾಗೋಗಿತ್ತು ಕಣವ್ವ” ಅನ್ನುತ್ತಿದ್ದ. ನಂಬದಿರಲು ನನಗೆ ಕಾರಣವಿರಲಿಲ್ಲ. ಅವ್ವ ಚನ್ನಪಟ್ಟಣದವಳು. ಮದುವೆಗೆ ಮುಂಚೆ ಇದೇ ಶೆಡ್ಡಿನಲ್ಲಿ ಲೇತಿನ ಮುಂದೆ ಕೂತು ಗಿಲಕಿ, ಬುಗುರಿ, ಕುಂಕುಮದ ಭರಣಿ ಮಾಡಿದವಳು.

ಓಟದ ನೋಟಿಸು ಶಾಲೆಗೆ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಮಾಗಡಿ ಕಡೆಯ ಒಂದು ಯುವಕರ ಸಂಘ ಅದನ್ನು ನಡೆಸುತ್ತಿತ್ತು. ತಂದೆಯೋ ತಾಯಿಯೋ ಮಗುವಿನ ಜೊತೆ ಕೂತು ಮರದ ಕಾರು ಮಾಡಬೇಕು. ಎಲ್ಲರಿಗೂ ಬೊಂಬೆ ಮಾಡುವ ಹಾಲೆ ಮರದ ಒಂದೇ ಅಳತೆಯ ತುಂಡು ಕೊಡುತ್ತಾರೆ. ಮೋಟಾರು, ಬ್ಯಾಟರಿ ಏನೂ ಇಲ್ಲ; ಇಳಿಜಾರು ಹಲಗೆಯ ಮೇಲಿಂದ ಬಿಟ್ಟರೆ ತಾನಾಗಿ ಓಡಬೇಕು. ಕಾರಿನ ತೂಕ ಕಾಲು ಕೆಜಿ ದಾಟಕೂಡದು. ಓಟ ನಡೆಯುವ ಜಾಗ, ತಿಪ್ಪಸಂದ್ರದಿಂದ ಆಚೆ ಒಂದು ಹಳ್ಳಿಯ ಶಾಲೆಯ ಬಯಲು.

ಆ ಹಳ್ಳಿ ನಮ್ಮ ಮನೆದೇವರ ಹಳ್ಳಿ. ಶಾಲೆಯ ಬಯಲಿಗೆ ಎದುರೇ ಗುಡಿ.

ಪೋಷಕರ ಸಭೆಗೆ ಒಮ್ಮೆಯೂ ಬಾರದ ಅಪ್ಪ, ನೋಟಿಸನ್ನು ನನ್ನಿಂದ ಎರಡು ಸಲ ಓದಿಸಿದ. ಜಾಗದ ಹೆಸರು ಬಂದಾಗ ಅವ್ವನ ಕಡೆ ನೋಡಿದ. ಅವ್ವ ಒಲೆಯ ಮುಂದಿನಿಂದ ತಿರುಗಿ ಅಪ್ಪನ ಕಡೆ ನೋಡಿದಳು.

“ಹಾಕ್ಸು ನಮ್ದೂ ಹೆಸರು,” ಎಂದ ಅಪ್ಪ.

“ನಿಂಗೇನಾಯ್ತು ಇದ್ದಕ್ಕಿದ್ದಂಗೆ?” ಎಂದೆ.

“ಯಾಕೆ, ನಾನು ಕಾರ್ ಮಾಡ್ಬಾರ್ದಾ? ಎಷ್ಟು ಜನ್ಮ ಬಸ್ಸಲ್ಲೇ ಓಡಾಡೋದು?”

ನಕ್ಕು ಸುಮ್ಮನಾದೆ. ಒಂದು ನೋಟವನ್ನು ನೋಡಿಯೂ ಅದರ ಬಗ್ಗೆ ಪ್ರಶ್ನೆ ಕೇಳದೆ ಬಿಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲವಿರಬೇಕು.

ಇಲ್ಲಿ ಒಂದು ವಿಷಯ ಹೇಳಬೇಕು. ಹತ್ತು ವರ್ಷದವಳಿದ್ದಾಗ ನಾನು ಗುಡಿಗೆ ಹೋಗುವುದನ್ನು ನಿಲ್ಲಿಸಿದ್ದೆ. ಮನೆದೇವರ ಪೂಜೆಗೆ ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಕೂತು, ದೇವರಿದ್ದಾನೆ ಎನ್ನುವುದಕ್ಕೆ ಯಾರಾದರೂ ಒಂದು ಪುರಾವೆ ಕೊಟ್ಟರೆ ಬಸ್ಸು ಹತ್ತುತ್ತೇನೆ ಎಂದಿದ್ದೆ. ಎರಡು ಬಸ್ಸು ಹೋದವು. ಪುರಾವೆ ಬರಲಿಲ್ಲ. ಅಪ್ಪ ಎತ್ತಿಕೊಂಡು ಹೋಗಬಹುದಿತ್ತು, ಎತ್ತಲಿಲ್ಲ. ಮನೆಗೆ ವಾಪಸ್ಸು ಬಂದೆವು. ಅವತ್ತು ಅವ್ವ ಅತ್ತದ್ದು ನೆನಪಿದೆ. ಒಂದು ಪೂಜೆ ತಪ್ಪಿದ್ದಕ್ಕೆ ಇಷ್ಟು ಅಳುವುದು ಯಾವ ತರ್ಕ ಎಂದು ನನಗೆ ಆಗ ಅನ್ನಿಸಿತ್ತು.

ಆ ಬೇಸಗೆಯ ಭಾನುವಾರಗಳೆಲ್ಲ ಚನ್ನಪಟ್ಟಣದಲ್ಲಿ ಕಳೆದವು. ರಾಮನಗರದ ಬಂಡೆಗಳು ಬೆಳಿಗ್ಗೆಯೇ ಕಾದು ಊರಿಗೆಲ್ಲ ಕಾವು ಹಂಚುತ್ತಿದ್ದವು. ಹೆದ್ದಾರಿಯ ಬದಿಯ ಮಾವಿನ ತೋಪುಗಳಲ್ಲಿ ಹೂವು ಉದುರಿ ಸಾಸಿವೆಗಾತ್ರದ ಕಾಯಿ ಕಟ್ಟುತ್ತಿತ್ತು. ಶೆಡ್ಡಿನ ತಗಡಿನ ಕೆಳಗೆ ನಾವು ಮೂವರೂ ಬೆವರು ಸುರಿಸುತ್ತ ಜಗಳವಾಡುತ್ತಿದ್ದೆವು.

“ತೂಕ ಹಿಂದಕ್ಕಿರಬೇಕು ಅಪ್ಪಾ.”

“ಮುಂದಕ್ಕಿರ್ಲಿ ಕಣೇ ಸುಮಿ. ಕುರಿ ಗುಡ್ಡ ಇಳಿಯೋದ್ ನೋಡಿಲ್ವಾ? ತಲೆ ಮುಂದ್ಕಾಕ್ಕೊಂಡೇ ಇಳಿಯೋದು.”

“ಕುರಿಗೆ ಕಾಲಿದೆ, ಕಾರಿಗೆ ಚಕ್ರ. ಆ ಹೋಲಿಕೆ ನಿಲ್ಲಲ್ಲ.”

“ಕುರಿಗೂ ಚಕ್ರ ಇದ್ದಿದ್ರೆ ನಾನ್ಯಾಕೆ ಫ್ಯಾಕ್ಟ್ರಿಗೋಯ್ತಿದ್ದೆ? ಮರದ ಕೆಳಗೆ ಕೂತ್ಕೊಂಡು ಸೀಟಿ ಊದ್ತಿದ್ದೆ.”

“ಅಪ್ಪ ಮಗಳು ಬಾಯಲ್ಲೇ ಕಾರ್ ಓಡ್ಸ್ಬುಡ್ತೀರ. ಸರ್ಕೊಳ್ಳಿ ಅತ್ಲಾಗೆ,” ಎಂದು ಅವ್ವ ಲೇತಿನ ಮುಂದೆ ಕೂರುತ್ತಿದ್ದಳು.

ಬೇರೆಯವರ ಕಾರುಗಳು ಕಾರಿನ ಹಾಗೆ ಚೌಕವಾಗಿದ್ದವು. ನಮ್ಮದು ಮಾತ್ರ ಬದನೆಕಾಯಿಯ ಹಾಗೆ ಗುಂಡಗೆ ಬಂತು. ಲೇತಿನಲ್ಲಿ ಕಡೆದದ್ದು ಇನ್ನು ಹೇಗೆ ಬಂದೀತು? ಸೈಕಲ್ಲಿನ ಕಡ್ಡಿ ಕತ್ತರಿಸಿ ಅಪ್ಪ ಅಚ್ಚು ಮಾಡಿದ. ಚಕ್ರಗಳನ್ನು ಅವ್ವ ಕಡೆದಳು, ನಾನು ಸ್ಯಾಂಡ್‌ಪೇಪರ್ ಹಿಡಿದು ಉಜ್ಜಿದೆ. ಮೈಗೆಲ್ಲ ಕೆಂಪು ಅರಗು ಹಚ್ಚಿ, ತಾಳೆಗರಿ ಒತ್ತಿ ಹಿಡಿದು ಹೊಳಪು ಕೊಟ್ಟಾಗ ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಮನೆಯ ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿದೆವು. ಕಾಲು ಕೆಜಿಗೆ ಕೂದಲೆಳೆಯಷ್ಟು ಕಮ್ಮಿ. ಅದಕ್ಕಾಗಿ ಹೊಟ್ಟೆಯ ಮರವನ್ನು ಎಷ್ಟು ಸಲ ಕೆರೆದಿದ್ದೆವೋ.

ಆದರೆ ಆ ದಿನಗಳಲ್ಲಿ ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು ನನ್ನ ತರಗತಿಯವರ ಅಪ್ಪಂದಿರು. ಹರ್ಷಿತಾಳ ತಂದೆ ಮಂಜಣ್ಣ ಹಾರ್ಡ್‌ವೇರ್ ಅಂಗಡಿಯವರು. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ತಾವೇ ಕಾರು ಉಜ್ಜುತ್ತಿದ್ದರು. ಹರ್ಷಿತಾ ಪಕ್ಕದಲ್ಲಿ ಹೋಮ್‌ವರ್ಕ್ ಬರೆಯುತ್ತಿದ್ದಳು. ಇನ್ನೊಬ್ಬರು ಮಗನಿಗೆ ಕಾರನ್ನು ಮುಟ್ಟಲೂ ಬಿಡುತ್ತಿರಲಿಲ್ಲವಂತೆ, ಬೆವರಿನ ಕೈ ಅಂತ. ಮಕ್ಕಳ ಓಟದ ಹೆಸರಿನಲ್ಲಿ ಇವರು ಓಡುತ್ತಿದ್ದಾರೆ, ಇದು ವಂಚನೆ ಎಂದು ನಾನು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ನಮ್ಮ ಕಾರಿನಲ್ಲಿ ನನಗೆ ಗೊತ್ತಿಲ್ಲದ ಒಂದು ಮೊಳೆಯೂ ಇಲ್ಲ ಎನ್ನುವುದು ನನ್ನ ಹೆಮ್ಮೆಯಾಗಿತ್ತು. ಗೆಲ್ಲುವುದಕ್ಕಿಂತ ಅದು ದೊಡ್ಡದು ಎಂದು ಅಂದುಕೊಂಡಿದ್ದೆ.

ಓಟದ ಹಿಂದಿನ ದಿನ ನನಗೆ ಕನಕಪುರದಲ್ಲಿ ಚರ್ಚಾಸ್ಪರ್ಧೆ ಇತ್ತು. ಸಂಜೆ ಬಂದು ನೋಡಿದರೆ ಕಾರು ಮನೆಯಲ್ಲಿಲ್ಲ. ಹೊಟ್ಟೆಯ ಕೆಳಗೆ ಗೀರು ಬಿದ್ದಿತ್ತು, ಮಾವನ ಹತ್ತಿರ ಒಂದು ಕೈ ಅರಗು ಹಾಕಿಸಿಕೊಂಡು ಬಂದೆ ಎಂದು ಅವ್ವ ಆಮೇಲೆ ತಂದಿಟ್ಟಳು. ಹೊಸ ಟವೆಲ್ಲಿನಲ್ಲಿ ಸುತ್ತಿದ್ದಳು.

ಬೆಳಿಗ್ಗೆ ಮಾಗಡಿಯ ಬಸ್ಸು ಹಿಡಿದೆವು. ಅವ್ವ ತಿಂಡಿ ತಿನ್ನಲಿಲ್ಲ, ಹೊಟ್ಟೆ ಸರಿ ಇಲ್ಲ ಅಂದಳು. ಅಪ್ಪ ಬಿಳಿ ಪಂಚೆ ಉಟ್ಟಿದ್ದ. ಕಾರನ್ನು ನನ್ನ ತೊಡೆಯ ಮೇಲಿಟ್ಟು, “ನೀನೇ ಇಡ್ಕೋ. ಕೆಳಗಿಡ್ಬ್ಯಾಡ, ಬ್ಯಾರೆಯವ್ರ ಕೈಗೆ ಕೊಡ್ಬ್ಯಾಡ,” ಎಂದಳು ಅವ್ವ. ಮಾಗಡಿಯಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರು “ಏನವ್ವ ಅದು, ಮಗೂನಾ?” ಎಂದು ಕೇಳಿದ. “ಅಂಗೇ ಅನ್ಕೊಳಪ್ಪ,” ಎಂದಳು ಅವ್ವ.

ಇಳಿದ ಕೂಡಲೇ ಅಪ್ಪ ಗುಡಿಯ ಕಡೆ ಕೈ ತೋರಿಸಿದ. “ಓಟ ಮುಗಿದ್ಮೇಲೆ ಆ ಬಾಗ್ಲ ತಾವ ನಿಂತ್ಕೊಂಡು ಒಂದ್ ಫೋಟೋ ತೆಕ್ಕೊಳಾನ. ಕಾರ್ ಇಡ್ಕೊಂಡು. ಒಳಕ್ಕೆ ಬರ್ಬ್ಯಾಡ, ಹೊಸ್ಲು ತಾವ ನಿಂತ್ರೆ ಸಾಕು.”

“ಫೋಟೋಗೆ ನನ್ನ ಅಭ್ಯಂತರ ಇಲ್ಲ,” ಎಂದೆ. ಎಷ್ಟು ಉದಾರವಾಗಿ!

ಶಾಲೆಯ ಜಗಲಿಯಿಂದ ಬಯಲಿಗೆ ಹಲಗೆಗಳನ್ನು ಇಳಿಬಿಟ್ಟು ಓಟದ ದಾರಿ ಮಾಡಿದ್ದರು. ಶಾಮಿಯಾನದ ಕೆಳಗೆ ಜನ, ಬಿಸಿಲಲ್ಲಿ ಮಕ್ಕಳು. ತೀರ್ಪುಗಾರರು ಆ ಶಾಲೆಯ ಪಿ.ಟಿ. ಮೇಷ್ಟ್ರು. ನಾನು ಮಾತುಗಾರ್ತಿ ಎಂದು ಯಾರೋ ಹೇಳಿದ್ದರು. ನಿಯಮಗಳನ್ನು ಓದು ಎಂದು ಮೈಕು ನನ್ನ ಕೈಗೆ ಕೊಟ್ಟರು. ಓದಿದೆ. ಓದಿ ಸುಮ್ಮನೆ ಕೂರಬಹುದಿತ್ತು.

“ಒಂದು ಬೇಡಿಕೆ ಇದೆ,” ಎಂದೆ ಮೈಕಿನಲ್ಲಿ. “ಎಲ್ಲ ಕಾರುಗಳನ್ನೂ ಜನರ ಮುಂದೆಯೇ ತೂಗಬೇಕು. ಬೇರೆಯವರದು ಆಮೇಲೆ ಇರಲಿ, ಮೊದಲು ನಮ್ಮದನ್ನೇ ತೂಗಿ. ನಮ್ಮ ಕಾರಿನಲ್ಲಿ ನನಗೆ ಗೊತ್ತಿಲ್ಲದ್ದು ಒಂದು ಚೂರು ಸಿಕ್ಕಿದರೂ ನಾನೇ ಅದನ್ನು ಓಟದಿಂದ ತೆಗೆಯುತ್ತೇನೆ.”

ಮಕ್ಕಳು ಚಪ್ಪಾಳೆ ಹೊಡೆದರು. ಅಪ್ಪಂದಿರು ಹೊಡೆಯಲಿಲ್ಲ. ನನ್ನ ಅಪ್ಪ ಶಾಮಿಯಾನದ ಗಳು ಹಿಡಿದುಕೊಂಡು ನಿಂತಿದ್ದವನು ಎರಡು ಹೆಜ್ಜೆ ಮುಂದೆ ಬಂದ. “ಮೇಷ್ಟ್ರೇ, ಮಗೀನ್ ಮಾತು, ತೂಕ ಗೀಕ ಯಾಕೆ…” ಅನ್ನುವಷ್ಟರಲ್ಲಿ ಮೇಷ್ಟ್ರು ಕಾರನ್ನು ನನ್ನ ಕೈಯಿಂದ ತೆಗೆದುಕೊಂಡು ತಕ್ಕಡಿಯ ಮೇಲೆ ಇಟ್ಟಾಗಿತ್ತು.

ಕಾಲು ಕೆಜಿ ದಾಟಿತ್ತು.

“ತಕ್ಕಡಿ ಸರಿ ಇಲ್ಲ,” ಎಂದೆ ತಕ್ಷಣ. ಹರ್ಷಿತಾಳ ಕಾರು ಇಟ್ಟರು. ಸರಿಯಾಗಿತ್ತು. ಇನ್ನೊಂದು, ಮತ್ತೊಂದು ಇಟ್ಟರು. ಎಲ್ಲವೂ ಸರಿ. ನಮ್ಮದನ್ನು ಮತ್ತೆ ಇಟ್ಟರು. ಮತ್ತೆ ಹೆಚ್ಚು.

ಮಂಜಣ್ಣನಿಗೆ ಹಾಲು ಕುಡಿದಷ್ಟು ಸಂತೋಷ. “ಏನ್ಲಾ ಪುಟ್ಸಾಮಿ, ಕಾರ್ಗೆ ಮುದ್ದೆ ಉಣ್ಣಿಸ್ಕೊಂಡ್ ಬಂದಿದ್ದೀಯಾ?”

ಜನ ನಕ್ಕರು. ಅಪ್ಪ ನಗಲಿಲ್ಲ. “ನಮ್ ಕಾರ್ ಬ್ಯಾಡ ಬುಡಿ ಮೇಷ್ಟ್ರೇ. ನಾವ್ ಓಡ್ಸಾಕಿಲ್ಲ,” ಎಂದ.

“ಯಾಕೆ ಓಡಿಸಲ್ಲ? ಮೊನ್ನೆ ಅಂಗಡಿಯಲ್ಲಿ ತೂಗಿದಾಗ ಸರಿ ಇತ್ತು. ತಕ್ಕಡಿಯೂ ಸರಿ ಇದೆ. ಹಾಗಾದರೆ ನಡುವೆ ಏನೋ ಸೇರಿದೆ,” ಎಂದೆ. ಹೇಳುತ್ತ ಹೇಳುತ್ತಲೇ ಕಾರನ್ನು ಬೋರಲು ಮಾಡಿದೆ. ಹೊಟ್ಟೆಯ ನಡುವೆ ಒಂದು ರೂಪಾಯಿಯಷ್ಟಗಲ ಅರಗಿನ ಬಣ್ಣ ಬೇರೆಯಿತ್ತು. ಉಳಿದದ್ದಕ್ಕಿಂತ ಹೆಚ್ಚು ಕೆಂಪು. ಅವ್ವನ ಕಡೆ ನೋಡಿದೆ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

“ಸುಮಿ, ಬ್ಯಾಡ ಕಣೇ,” ಎಂದಳು.

ಪ್ರಮಾಣ ಮಾಡಿದ್ದೆ, ಅದೂ ಮೈಕಿನಲ್ಲಿ. ಮಂಜಣ್ಣ ಜೊತೆಗೆ ತಂದಿದ್ದ ಹತಾರದ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ತೆಗೆದು ಆ ಕೆಂಪಿಗೆ ಚುಚ್ಚಿದೆ. ಅರಗು ಬಳೆಯ ಚೂರಿನ ಹಾಗೆ ಒಡೆಯಿತು. ಒಳಗೆ ಅರಿಸಿನದ ಬಟ್ಟೆ. ಎಳೆದೆ. ಬಟ್ಟೆ ಬಿಚ್ಚಿಕೊಂಡು, ಏನೋ ಬೆಳ್ಳಗೆ ಹೊಳೆಯುವುದು ನನ್ನ ಅಂಗೈಗೆ ಬಿತ್ತು.

ಬೆಳ್ಳಿ. ಗಟ್ಟಿ ಬೆಳ್ಳಿ. ವೀಳ್ಯದೆಲೆಯ ತುದಿಯ ಹಾಗಿತ್ತು, ನಡುವೆ ಒಂದು ಗೀಟು. ಅದೇನೆಂದು ನನಗೆ ತಿಳಿಯಲಿಲ್ಲ. ತೂಕ ಹೆಚ್ಚಿಸಿ ಗೆಲ್ಲಲು ಅಪ್ಪ ಬೆಳ್ಳಿ ತುಂಬಿಸಿದ್ದಾನೆ ಎಂದುಕೊಂಡೆ. ಎಲ್ಲ ಅಪ್ಪಂದಿರ ಹಾಗೆ ಇವನೂ!

ಆಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಎದ್ದು ಬಂದಳು. ಅಪ್ಪನ ಊರಿನವಳು, ಹೆಸರು ದೊಡ್ಡತಾಯಮ್ಮ ಎಂದು ಆಮೇಲೆ ಗೊತ್ತಾಯಿತು. ನನ್ನ ಅಂಗೈಗೆ ಬಾಗಿ ನೋಡಿ ಕೈಮುಗಿದಳು.

“ನಾಲ್ಗೆ ಕಣ್ರವ್ವ ಇದು. ಹರಕೆ ನಾಲ್ಗೆ.” ಆಮೇಲೆ ನನ್ನ ಮುಖ ನೋಡಿದಳು, ಅಪ್ಪನನ್ನು ನೋಡಿದಳು. “ಪುಟ್ಸಾಮಿ, ಇದು ನಿನ್ನ ಆ ಮೂಗಿ ಮಗಳು ಅಲ್ವೇನ್ಲಾ?”

ಯಾರ ಬಗ್ಗೆ ಹೇಳುತ್ತಿದ್ದಾಳೆಂದು ನಾನು ಹಿಂದಕ್ಕೆ ತಿರುಗಿ ನೋಡಿದೆ. ನಿಜವಾಗಿ ತಿರುಗಿದೆ. ಹಿಂದೆ ಯಾರೂ ಇರಲಿಲ್ಲ.

ಮೇಷ್ಟ್ರು ಮೈಕನ್ನು ಆರಿಸಿ, ಬೇರೆಯವರನ್ನು ಮೊದಲು ಓಡಿಸುತ್ತೇನೆ, ಅದನ್ನು ತೆಗೆದ ಮೇಲೆ ತೂಕ ಸರಿಹೋದರೆ ಕೊನೆಯ ಸಾಲಿನಲ್ಲಿ ನಿಮ್ಮದನ್ನೂ ಓಡಿಸಬಹುದು, ಮಾತಾಡಿಕೊಂಡು ಬನ್ನಿ ಎಂದರು. ನಾವು ಮೂವರೂ ಬಯಲಿನಂಚಿನ ಹೊಂಗೆಮರದ ಕೆಳಗೆ ಹೋದೆವು. ಹಿಂದೆ ಹಲಗೆಯ ಮೇಲೆ ಕಾರುಗಳು ಗಡಗಡ ಇಳಿಯುವ ಸದ್ದು, ಮಕ್ಕಳ ಕೂಗು.

“ಯಾರು ಮೂಗಿ?” ಎಂದೆ.

ಅಪ್ಪ ಒಂದು ಕಡ್ಡಿ ತೆಗೆದುಕೊಂಡು ಮಣ್ಣು ಕೆರೆಯುತ್ತಿದ್ದ. “ನಿಂಗೆ ಐದು ತುಂಬೋಗಂಟ ಒಂದ್ ಅಕ್ಷರ ಆಡಿರ್ಲಿಲ್ಲ ನೀನು. ಅವ್ವ ಅಂದೋಳಲ್ಲ, ಅಪ್ಪ ಅಂದೋಳಲ್ಲ. ಕಿವಿ ಚೆನ್ನಾಗೇ ಕೇಳ್ಸ್ತಿತ್ತು. ಬೆಂಗ್ಳೂರ್ಗೂ ತೋರ್ಸ್ಕೊಂಡ್ ಬಂದೆ. ಏನೂ ತೊಂದ್ರೆ ಇಲ್ಲ, ಕೆಲವಕ್ಕೆ ತಡ ಆಯ್ತದೆ, ಬತ್ತದೆ ಬುಡಿ ಅಂದ್ರು ಡಾಕ್ಟ್ರು. ಊರೋರ್ ಬುಡ್ಬೇಕಲ್ಲ? ಮಗಾ ಬಾ ಅನ್ನೋ ಬದ್ಲು ಮೂಗಿ ಬಾ ಅನ್ನೋರು. ಚಿಕ್ಕ ಮಕ್ಕಳೂ ಅದ್ನೇ ಕಲ್ತ್ಬುಟ್ವು. ನೀನು ಆ ಹೆಸ್ರಿಗೇ ಓಡ್ ಬರೋಳು, ನಗ್ತಾ. ಅದ್ ನೋಡಾಕಾಗ್ಲಿಲ್ಲ.”

“ಅದಕ್ಕೇ ಊರು ಬಿಟ್ಯಾ?”

ಅಪ್ಪ ಮಣ್ಣು ಕೆರೆಯುತ್ತಲೇ ಇದ್ದ. ಅವ್ವ ಹೌದೆಂದು ತಲೆಯಾಡಿಸಿದಳು.

ಕುರಿಮಂದೆ, ಹೊಲ, ಅಣ್ಣತಮ್ಮಂದಿರು, ಎಲ್ಲವನ್ನೂ ಒಂದು ಹೆಸರಿನ ದೆಸೆಯಿಂದ! ಕುರಿ ವಾಸನೆ ಎಂದಿದ್ದನಲ್ಲ? ಇಷ್ಟು ವರ್ಷ, ಒಂದು ಸಲವೂ ಮಾತು ಬದಲಿಸದೆ, ಅದೇ ಸುಳ್ಳು. ನನ್ನ ಬಗ್ಗೆ ಊರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬಳಿಗೇ ಗೊತ್ತಿರಲಿಲ್ಲ. ಬಾಯೊಳಗೆ ನಾಲಿಗೆ ಅಂಗುಳಕ್ಕೆ ತಾಗುವುದು, ಹಲ್ಲಿಗೆ ತಾಗುವುದು ಒಂದೊಂದೂ ತಿಳಿಯುತ್ತಿತ್ತು, ಅದು ಅವತ್ತೇ ಬಂದು ಕೂತ ಹೊಸ ವಸ್ತುವಿನ ಹಾಗೆ.

“ರಾಮನಗ್ರಕ್ಕೆ ಬಂದ್ ವರ್ಸದ್ ಮೇಲಾಗಿತ್ತು,” ಎಂದಳು ಅವ್ವ. “ನಿಮ್ಮಜ್ಜಿ ಬಂದಿದ್ರು. ಮುದ್ದೆ ತಿನ್ನಿಸ್ತಾ ಇನ್ನೊಂದ್ ತುತ್ತು ಅಂತ ಬಾಯಿಗಿಡಕ್ಕೋದ್ರು. ‘ಬ್ಯಾಡ’ ಅಂದ್ಬುಟ್ಟೆ. ಅದೇ ಮೊದಲ್ನೇ ಮಾತು. ಇವತ್ತಿನಗಂಟ ನಿಲ್ಸಿಲ್ಲ.”

ಅಪ್ಪನ ತುಟಿಯಲ್ಲಿ ಸಣ್ಣ ನಗು ಬಂದು ಹೋಯಿತು. ಉಳಿದದ್ದನ್ನು ಅವ್ವ ಹೇಳಿದಳು. ಮಗು ಮಾತಾಡಿದರೆ ಅದರ ಕೈಯಲ್ಲೇ ಬೆಳ್ಳಿ ನಾಲಿಗೆ ಹೊತ್ತು ತಂದು ನಿನ್ನ ಹೊಸ್ತಿಲಿಗೆ ಒಪ್ಪಿಸುತ್ತೇವೆ ಎಂದು ಮನೆದೇವರಿಗೆ ಅಪ್ಪ ಹೊತ್ತ ಹರಕೆ. ಮಾತು ಬಂದ ಮೇಲೆ ಅಜ್ಜಿ ತೀರಿಕೊಂಡರು, ಆ ವರ್ಷ ಗುಡಿಗೆ ಹೋಗುವ ಹಾಗಿರಲಿಲ್ಲ. ಆಮೇಲೆ ಒಂದಲ್ಲ ಒಂದು ಅಡ್ಡಿ. ಕಡೆಗೆ ಎಲ್ಲ ಹೊಂದಿ, ನಾಲಿಗೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಹೊರಟ ದಿನವೇ ನಾನು ಬಸ್‌ಸ್ಟ್ಯಾಂಡಿನಲ್ಲಿ ಪುರಾವೆ ಕೇಳಿದ್ದು.

“ಹೇಳಬಹುದಿತ್ತಲ್ಲ ನನಗೆ!”

“ಏನಂತ? ನೀನ್ ಮೂಗಿ ಆಗಿದ್ದೆ ಅಂತಾನಾ? ಆ ಹೆಸ್ರು ನಿನ್ ಕಿವಿಗ್ ಬೀಳ್ಬಾರ್ದು ಅಂತ್ಲೇ ಊರ್ ಬುಟ್ಟು ಬಂದಿದ್ದು ಕಣೇ. ಎಳ್ಕೊಂಡೋಗಿ ಕೊಡ್ಸಿದ್ರೆ ಅದ್ ಹರಕೆ ಅಲ್ಲ ಅಂದ್ರು ನಿಮ್ಮಪ್ಪ. ಅದ್ಕೇ ಕಾರಲ್ಲಿಟ್ರೆ, ನೀನಾಗ್ ನೀನೇ ಕೈಯಲ್ಲಿಡ್ಕೊಂಡು ಬಾಗ್ಲ ತಾವ ಹೋಯ್ತೀಯ…”

ಫೋಟೋ! ನಾನು ಅಭ್ಯಂತರವಿಲ್ಲ ಎಂದಿದ್ದ ಫೋಟೋ. ಹೊಸ ಟವೆಲ್ಲು, ಬಿಳಿ ಪಂಚೆ, ಅವ್ವನ ಉಪವಾಸ. ಒಂದೊಂದಾಗಿ ಜೋಡಿಸಿಕೊಂಡು ನೋಡಿದೆ. ಎಲ್ಲೂ ತೂತು ಸಿಗಲಿಲ್ಲ. ಒಂದೇ ಒಂದು ಕಡೆ ಬಿಟ್ಟು.

“ತೂಕ ಹೆಚ್ಚಾಗುತ್ತೆ ಅಂತ ಹೊಳೀಲಿಲ್ವಾ ಅವ್ವ?”

“ಎಷ್ಟು ಮರ ತೆಗ್ದೆನೋ ಅಷ್ಟೇ ಜಾಗಕ್ಕೆ ಇಟ್ಟೆ. ಒಸಿ ಜಾಸ್ತಿನೇ ಕೊರ್ದಿದ್ದೆ.”

“ಮರ ಬೇರೆ, ಬೆಳ್ಳಿ ಬೇರೆ ಅಲ್ವಾ? ಒಂದ್ಸಲ ತೂಗಿ ನೋಡಬಹುದಿತ್ತಲ್ಲ!”

ಅವ್ವ ನನ್ನನ್ನು ಏನೋ ಆಡಬಾರದ್ದು ಆಡಿದೆ ಎನ್ನುವ ಹಾಗೆ ನೋಡಿದಳು. “ದೇವ್ರಿಗೆ ಅಂತ ತೆಗ್ದಿಟ್ಟಿದ್ದ ತೂಕಕ್ಕೆ ಹಾಕ್ತಾರೇನೇ? ಹಾಕ್ಬಾರ್ದು. ಈಗ ಎಲ್ಲಾರ್ ಮುಂದೆ ಹಾಕ್ಬುಟ್ರಲ್ಲ…” ಅವಳ ಕಣ್ಣು ತುಂಬಿತು. ನನಗೆ ಗುಟ್ಟು ತಿಳಿದದ್ದಕ್ಕಿಂತ ಅವಳನ್ನು ಕಂಗೆಡಿಸಿದ್ದು ಅದು. ಇಷ್ಟು ವರ್ಷ ಕಾಪಾಡಿದ ಹರಕೆ ತಕ್ಕಡಿಯಲ್ಲಿ ಕೆಟ್ಟುಹೋಯಿತು ಎಂದು.

ನಾನು ಅಪ್ಪನ ಕಡೆ ತಿರುಗಿದೆ. “ತಡವಾಗಿ ಮಾತು ಬರೋ ಮಕ್ಕಳು ಎಷ್ಟೋ ಇರ್ತಾರೆ ಅಪ್ಪಾ. ಹರಕೆ ಹೊರದೇ ಇದ್ದಿದ್ದರೂ ಬರ್ತಿತ್ತು.”

“ಬರ್ತಿತ್ತೇನೋ ಕಣವ್ವ. ಡಾಕ್ಟ್ರೂ ಅದೇ ಅಂದಿದ್ರಲ್ಲ.”

ಎದುರಾಳಿ ಹೀಗೆ ಒಪ್ಪಿಕೊಂಡುಬಿಟ್ಟರೆ ಏನು ಮಾಡಬೇಕೆಂದು ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. “ಮತ್ತೆ ಯಾಕೆ ಇದೆಲ್ಲ?” ಎಂದೆ.

“ಕೊಡ್ತೀನಿ ಅಂತ ಅಂದ್ಬುಟ್ಟಿದ್ನಲ್ಲ,” ಎಂದ ಅಪ್ಪ. ಅಷ್ಟೇ.

ಮೇಷ್ಟ್ರು ಆ ಕಡೆಯಿಂದ ಕೂಗಿದರು. ಕೊನೆಯ ಸಾಲು ಬಂದಿತ್ತು. ಅಪ್ಪ ಎದ್ದು ಕಾರನ್ನು ಒರೆಸಿ ನನ್ನ ಮುಂದೆ ಹಿಡಿದ. “ಹೋಗು, ಓಡ್ಸು. ತೆಗ್ದಾಯ್ತಲ್ಲ, ಈಗ ತೂಕ ಸರಿಯೋಯ್ತದೆ. ಇಷ್ಟ್ ದಿನ ಉಜ್ಜಿದ್ದೀಯ.”

ಕೆಂಪು ಕಾರು ಬಿಸಿಲಿಗೆ ಹೊಳೆಯುತ್ತಿತ್ತು. ಓಡಿಸಬೇಕೆಂಬ ಆಸೆ ಹೇಳತೀರದಷ್ಟಿತ್ತು. ಜಗಲಿಗೆ ಹೋಗಿ ಮೈಕು ಕೇಳಿದೆ. “ನಮ್ಮ ಕಾರಿನಲ್ಲಿ ನನಗೆ ಗೊತ್ತಿಲ್ಲದ್ದು ಸಿಕ್ಕಿದೆ. ನಮ್ಮ ಕಾರು ಓಡುವುದಿಲ್ಲ,” ಎಂದೆ. ಮಂಜಣ್ಣ ಏನೋ ಹೇಳಲು ಬಾಯಿ ತೆರೆದರು. ಹರ್ಷಿತಾ ಅವರ ಅಂಗಿ ಹಿಡಿದು ಜಗ್ಗಿದಳು.

“ಯಾಕೇ? ಮೇಷ್ಟ್ರೇ ಬಿಟ್ಟಿದ್ರಲ್ಲ,” ಎಂದ ಅಪ್ಪ, ನಾನು ಇಳಿದು ಬಂದ ಮೇಲೆ.

“ತೆಗೀತೀನಿ ಅಂತ ಮೊದಲೇ ಹೇಳಿಬಿಟ್ಟಿದ್ದೆ,” ಎಂದೆ. “ಬಾ, ಅದೇ ಗುಡಿ ತಾನೆ?”

ಅಪ್ಪ ಅವ್ವ ಇಬ್ಬರೂ ನನ್ನ ಹಿಂದೆ ಬಂದರು. ಅವರು ಮುಂದೆ ಹೋಗಲು ಹೆದರುತ್ತಿದ್ದರು. ಎಲ್ಲಿ ನಾನು ತಿರುಗಿಬಿಡುತ್ತೇನೋ ಎಂದು. ನಂಬಿಕೆ ಬಂದಿರಲಿಲ್ಲ. ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಆದರೆ ಕೊಡುತ್ತೇನೆ ಎಂದವನು ನನ್ನ ಅಪ್ಪ, ಅವನು ಹೇಳಿದ್ದು ನನ್ನ ಕೈಗಳ ಬಗ್ಗೆ, ಮತ್ತು ಆ ಕೈಗಳು ನನ್ನ ಹತ್ತಿರ ಇದ್ದವು.

ಹೊಸ್ತಿಲ ಹತ್ತಿರ ಪೂಜಾರಪ್ಪ ನಿಂತಿದ್ದರು. ಮೈಕಿನ ಮಾತು, ಬಯಲಿನ ಗದ್ದಲ ಎಲ್ಲ ಅಲ್ಲಿಗೇ ಕೇಳುತ್ತಿತ್ತು. ನಾನು ಬೆಳ್ಳಿ ಚಾಚಿದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

“ಆಗಕ್ಕಿಲ್ಲ ಕಣವ್ವ. ತಕ್ಕಡಿಗೆ ಹಾಕಿದ್ರಂತಲ್ಲ? ತೂಕಕ್ಕೆ ಹಾಕಿದ್ದು ದೇವ್ರಿಗಾಗಾಕಿಲ್ಲ. ಬ್ಯಾರೆ ಮಾಡಿಸ್ಕೊಂಡ್ ಬನ್ನಿ.”

ಅವ್ವ ಅಲ್ಲೇ ಮೆಟ್ಟಿಲ ಮೇಲೆ ಕುಸಿದಳು. ಅಪ್ಪ ತಲೆ ತಗ್ಗಿಸಿದ. ನನಗೆ ತಲೆಯೊಳಗೆ ಏನೋ ಸರಕ್ಕನೆ ಹತ್ತಿತು.

“ತಕ್ಕಡಿಗೆ ಹಾಕಿದ್ದು ಕಾರನ್ನ, ಪೂಜಾರಪ್ಪನೋರೇ. ಇದನ್ನಲ್ಲ.”

“ಕಾರೊಳಗೇ ಇತ್ತಲ್ಲವ್ವ ಇದು.”

“ಇತ್ತು. ನೀವು ಬಸ್ಸಲ್ಲಿ ಕೂತಿದ್ದಾಗ ಬಸ್ಸನ್ನ ತೂಕಕ್ಕೆ ಹಾಕಿದ್ರೆ ತೂಗಿದ್ದು ಬಸ್ಸನ್ನೋ ನಿಮ್ಮನ್ನೋ? ನಿಮ್ಮ ತೂಕ ಎಷ್ಟು ಅಂತ ಆ ತಕ್ಕಡಿ ನೋಡಿ ಹೇಳೋಕಾಗುತ್ತಾ? ಇದರ ತೂಕ ಎಷ್ಟು, ಅಲ್ಲಿರೋ ಯಾರಾದ್ರೂ ಒಬ್ಬರು ಹೇಳಲಿ. ಮೇಷ್ಟ್ರನ್ನ ಕೇಳಿ, ನಮ್ಮವ್ವನ್ನ ಕೇಳಿ. ಯಾರಿಗೂ ಗೊತ್ತಿಲ್ಲ. ಎಷ್ಟು ಅಂತ ಗೊತ್ತೇ ಆಗದ್ದು ತೂಗಿದ ಹಾಗೆ ಹೇಗಾಗುತ್ತೆ? ಅದೂ ಹೋಗಲಿ. ಹರಕೆ ಹೊತ್ತೋರು ತೂಗಬಾರದು ಅನ್ನೋದು ಪದ್ಧತಿ. ಹೊತ್ತೋರು ತೂಗಿಲ್ಲ. ತೂಗಿಸಿದ್ದು ನಾನು, ನನಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದೆ ಮಾಡಿದ್ದಕ್ಕೆ ಗೊತ್ತಿದ್ದವರ ಹರಕೆ ಹೇಗೆ ಕೆಡುತ್ತೆ, ಹೇಳಿ?”

ನಾನು ಇನ್ನೂ ಮುಗಿಸಿರಲಿಲ್ಲ, ಇನ್ನೆರಡು ಅಂಶಗಳಿದ್ದವು. ಪೂಜಾರಪ್ಪ ಅಪ್ಪನ ಕಡೆ ತಿರುಗಿ ಸೋತ ದನಿಯಲ್ಲಿ ಕೇಳಿದರು:

“ಯಾರಿಗೆ ಮಾತ್ ಬರ್ಲಿ ಅಂತನಪ್ಪ ಹರಕೆ ಹೊತ್ತಿದ್ದು?”

“ಇದಕ್ಕೇ ಸ್ವಾಮಿ,” ಎಂದ ಅಪ್ಪ.

ಪೂಜಾರಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಒಳಗಿನಿಂದ ಹಿತ್ತಾಳೆ ತಟ್ಟೆ ತಂದು ನನ್ನ ಮುಂದೆ ಹಿಡಿದರು.